ಕೆಲಸ ಸಿಕ್ಕಿದ್ದು ಅವಳಿಗೆ: ಲಂಕೇಶರ ‘ಪಲ್ಲವಿ’ ಮತ್ತು ವಿಜಯನಗರದ ರೂಮುಗಳು

ಹೋದ ತಿಂಗಳು ಒಂದು ವರದಿಯ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದೆವು. ಕೆಂಗೇರಿಯಲ್ಲಿ ಬಸ್ಸಿಳಿದು ಮೆಟ್ರೋ ಹತ್ತಿದರೆ ವಿಜಯನಗರ ದೂರವೇನಲ್ಲ. ಅಲ್ಲಿಂದ ಹಂಪಿನಗರದ ಗ್ರಂಥಾಲಯಕ್ಕೆ ನಡೆದುಕೊಂಡೇ ಹೋದೆವು. ನಮ್ಮ ಕಡೆಯ ಹುಡುಗರನ್ನು ಹುಡುಕಬೇಕು ಅಂದರೆ ಊರಿನ ಅರಳಿಕಟ್ಟೆಗಿಂತ ಈಗ ಅಲ್ಲಿ ಹುಡುಕುವುದೇ ಸಲೀಸು. ರಾಯಚೂರಿನವರು, ಹಾವೇರಿಯವರು, ಚಾಮರಾಜನಗರದವರು, ಎಲ್ಲರೂ ಬಾಗಿಲು ತೆಗೆಯುವ ಮುಂಚೆಯೇ ಬ್ಯಾಗು ಹಿಡಿದು ಕಾಯುತ್ತಿರುತ್ತಾರೆ. ಒಳಗೆ ಕುರ್ಚಿ ಹಿಡಿಯಬೇಕಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಗ್ರಾಮ ಆಡಳಿತಾಧಿಕಾರಿ, ಯಾವುದಾದರೂ ಸರಿ. ನಾಲ್ಕೈದು ಜನ ಸೇರಿ ಒಂದು ರೂಮು, ಒಂದು ಕುಕ್ಕರು, ಗೋಡೆ ತುಂಬ ಭೂಪಟ ಮತ್ತು ಸಂವಿಧಾನದ ವಿಧಿಗಳ ಪಟ್ಟಿ. ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆಯ ಅಡ್ಡರಸ್ತೆಗಳಲ್ಲಿ ಇಂಥ ರೂಮುಗಳು ಎಷ್ಟಿವೆಯೋ.

ಅಲ್ಲಿ ಸಿಕ್ಕ ಒಬ್ಬ ಹುಡುಗ ನಮ್ಮ ಪಕ್ಕದ ಹೋಬಳಿಯವನು. ಹೆಸರು ಬೇಡ. ಅವನೂ ಒಬ್ಬ ಹುಡುಗಿಯೂ ಒಟ್ಟಿಗೆ ಡಿಗ್ರಿ ಓದಿದವರು, ಒಟ್ಟಿಗೆ ಅರ್ಜಿ ಹಾಕಿದವರು, ಒಂದೇ ಪುಸ್ತಕ ಹರಿದು ಎರಡು ಭಾಗ ಮಾಡಿ ಓದಿದವರು. ಪರೀಕ್ಷೆ ಒಂದೇ. ಅವಳಿಗೆ ಕೆಲಸ ಆಯಿತು. ಇವನಿಗೆ ಆಗಲಿಲ್ಲ.

“ಈಗ ಅವ್ರ ಮನೆಗೋಗಿ ಏನಂತ ಕೇಳನಣ್ಣ?” ಅಂದ.

ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಒಂದು ಸಿನಿಮಾ ನೆನಪಾಯಿತು. ಐವತ್ತು ವರ್ಷವಾಗುತ್ತಾ ಬಂದ ಹಳೆಯ ಕನ್ನಡ ಸಿನಿಮಾ. ಪಿ. ಲಂಕೇಶರ ‘ಪಲ್ಲವಿ’.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಫೋನಿನಲ್ಲಿ ‘ಪಲ್ಲವಿ’ ಅಂತ ಹುಡುಕಿದರೆ ನಿಮಗೆ ಮೊದಲು ಸಿಗುವುದು ‘ಪಲ್ಲವಿ ಅನುಪಲ್ಲವಿ’. ಅದು 1983ರದು, ಮಣಿರತ್ನಂ ಅವರ ಮೊದಲ ಸಿನಿಮಾ, ಇಳಯರಾಜ ಸಂಗೀತ, ಅನಿಲ್ ಕಪೂರ್ ನಾಯಕ. ಒಳ್ಳೆಯ ಸಿನಿಮಾವೇ. ಆದರೆ ನಾವು ಹೇಳುತ್ತಿರುವುದು ಅದಲ್ಲ. ಇದು ಬರೀ ‘ಪಲ್ಲವಿ’, 1976ರದು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರೊಬ್ಬರು ಎಲ್ಲಿಂದಲೋ ಒಂದು ಪ್ರತಿ ತಂದು ತೋರಿಸಿದ್ದರು. ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಚಿತ್ರ ನಡುನಡುವೆ ಕುಣಿಯುತ್ತಿತ್ತು. ಆದರೂ ನಲವತ್ತು ಜನ ಉಸಿರೆತ್ತದೆ ಕೂತು ನೋಡಿದ್ದೆವು. ಯಾಕೆಂದರೆ ಡಿಪ್ಲೊಮಾ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆ ನಲವತ್ತು ಜನರಿಗೂ ಇತ್ತು.

ಕಥೆ ಇಷ್ಟೆ. ಶಾಂತಾ ಮತ್ತು ಚಂದ್ರು ಕಾಲೇಜಿನ ದಿನಗಳಿಂದ ಪ್ರೀತಿಸುವವರು. ಇಬ್ಬರಿಗೂ ಕೆಲಸ ಬೇಕು. ಕೆಲಸ ಸಿಗುವುದು ಶಾಂತಾಳಿಗೆ. ಚಂದ್ರುವಿಗೆ ಸಿಗುವುದಿಲ್ಲ. ಅವನ ಸಿಟ್ಟು ಅವನನ್ನು ಉಗ್ರ ರಾಜಕೀಯದ ಕಡೆ ಎಳೆಯುತ್ತದೆ. ಅವಳು ಕೊನೆಗೆ ತಾನು ಕೆಲಸ ಮಾಡುವ ಕಡೆಯ ಯಜಮಾನನನ್ನೇ ಮದುವೆಯಾಗುತ್ತಾಳೆ. ಚಂದ್ರುವಾಗಿ ಟಿ.ಎನ್. ಸೀತಾರಾಂ, ಶಾಂತಾಳಾಗಿ ವಿಮಲಾ ನಾಯ್ಡು. ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥ್.

ಕೇಳಿದರೆ ನೂರು ಸಿನಿಮಾದ ಕಥೆ ಅನಿಸುತ್ತದೆ. ಬಡ ಹುಡುಗ, ಶ್ರೀಮಂತ ಗಂಡ, ನಡುವೆ ಹುಡುಗಿ. ನಮ್ಮ ಹಳೆಯ ಸಿನಿಮಾಗಳಲ್ಲಾದರೆ ಹುಡುಗ ಗಡ್ಡ ಬಿಟ್ಟು ಒಂದು ಹಾಡು ಹೇಳುತ್ತಾನೆ, ಹುಡುಗಿ ಮೋಸಗಾತಿ ಆಗುತ್ತಾಳೆ, ನಾವೆಲ್ಲ ಹುಡುಗನ ಪರ ಕಣ್ಣೀರು ಹಾಕಿ ಎದ್ದು ಬರುತ್ತೇವೆ. ‘ಪಲ್ಲವಿ’ಯಲ್ಲಿ ಬೇರೆಯಾದದ್ದು ಒಂದೇ. ಕಥೆಯನ್ನು ನೋಡುವ ಕಣ್ಣು ಚಂದ್ರುವಿನದಲ್ಲ, ಶಾಂತಾಳದು. ಕೆಲಸ ಸಿಗದವನ ಸಂಕಟವನ್ನು ಕೆಲಸ ಸಿಕ್ಕವಳು ನೋಡುತ್ತಿದ್ದಾಳೆ. ಅವನ ಮೇಲಿನ ಪ್ರೀತಿ, ಅವನ ಮೇಲಿನ ಕನಿಕರ, ತನಗೆ ಸಿಕ್ಕಿದ್ದಕ್ಕೆ ಒಂದು ತರಹದ ನಾಚಿಕೆ, ಜೊತೆಗೆ ತಿಂಗಳ ಕೊನೆಗೆ ಕೈಗೆ ಬರುವ ಸಂಬಳದ ಸುಖ, ಎಲ್ಲವೂ ಒಬ್ಬಳೊಳಗೇ. 1976ರಲ್ಲಿ ನಿರುದ್ಯೋಗ ಅಂದರೆ ಗಂಡಸಿನ ಕಥೆ. ಅದನ್ನು ಹೆಣ್ಣಿನ ಕಡೆಯಿಂದ ಹೇಳಬಹುದು ಅಂತ ಯೋಚಿಸಿದವರು ಕಡಿಮೆ.

ಇದನ್ನು ಮಾಡಿದ ಲಂಕೇಶರು ಆಗ ಸಿನಿಮಾ ನಿರ್ದೇಶಕರೇ ಅಲ್ಲ, ಇಂಗ್ಲಿಷ್ ಮೇಷ್ಟ್ರು. ಹುಟ್ಟಿದ್ದು 1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಹಳ್ಳಿಯ ಒಕ್ಕಲು ಮನೆಯಿಂದ ಬಂದು ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕಥೆ, ಕವಿತೆ, ನಾಟಕ ಎಲ್ಲ ಬರೆದಿದ್ದರು. 1971ರ ‘ಸಂಕ್ರಾಂತಿ’ ನಾಟಕ ಬಸವಣ್ಣ, ಬಿಜ್ಜಳರ ಕಾಲದ್ದು. ಅದಕ್ಕೂ ಮುಂಚೆ 1967ರಲ್ಲಿ ‘ಬಿರುಕು’ ಅನ್ನುವ ಕಾದಂಬರಿ ಬರೆದಿದ್ದರು. ಆ ಕಾದಂಬರಿಯೇ ‘ಪಲ್ಲವಿ’ಗೆ ಮೂಲ. 1967 ಅಂದರೆ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರು ಎದ್ದ ವರ್ಷವೂ ಹೌದು. ಮುಂದಿನ ಹತ್ತು ವರ್ಷ ಓದಿದ ಹುಡುಗರ ಕೋಣೆಗಳಲ್ಲಿ ಆ ಹೆಸರು ಓಡಾಡುತ್ತಿತ್ತು. ಚಂದ್ರು ಆ ಕಡೆ ಹೊರಟಿದ್ದು ಸಿನಿಮಾಕ್ಕೆ ಅಂತ ಸೇರಿಸಿದ ಮಸಾಲೆಯಲ್ಲ.

ಲಂಕೇಶರಿಗೆ ಸಿನಿಮಾ ಪರಿಚಯವಾದದ್ದು ನಟನಾಗಿ. 1970ರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಪಾತ್ರ ಅವರದು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಮೊದಲು ಸೆನ್ಸಾರಿನವರು ನಿಷೇಧಿಸಿ, ಆಮೇಲೆ ಬಿಟ್ಟು, ಕೊನೆಗೆ ಅದೇ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಬಂತು. ಅಲ್ಲಿಂದ ಕನ್ನಡದಲ್ಲಿ ಬೇರೊಂದು ಬಗೆಯ ಸಿನಿಮಾಗಳು ಶುರುವಾದವು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಹಳ್ಳಿ, ಅಗ್ರಹಾರ, ಜಾತಿಯ ಸುತ್ತ ಇದ್ದವು. ಪೇಟೆಯಲ್ಲಿ ಪ್ಯಾಂಟು ಹಾಕಿಕೊಂಡು ಸರ್ಟಿಫಿಕೇಟಿನ ಫೈಲು ಹಿಡಿದು ಓಡಾಡುವ ಹುಡುಗನಿಗೆ ಆ ಸಾಲಿನಲ್ಲಿ ಜಾಗ ಕೊಟ್ಟದ್ದು ‘ಪಲ್ಲವಿ’.

ಆ ಕಾಲದ ಬೆಂಗಳೂರು ಹೇಗಿತ್ತು ಅಂತ ಸ್ವಲ್ಪ ನೋಡೋಣ. ಈಗ ನಾವು ನಿಂತಿದ್ದ ಪಶ್ಚಿಮ ಭಾಗವನ್ನೇ ತೆಗೆದುಕೊಳ್ಳಿ. ರಾಜಾಜಿಯವರ ಹೆಸರಿನ ರಾಜಾಜಿನಗರ ಆಗಲೇ ಕಾರ್ಮಿಕರ ಬಡಾವಣೆ. ಇಎಸ್‌ಐ ಆಸ್ಪತ್ರೆ, ಇಂಡಸ್ಟ್ರಿಯಲ್ ಎಸ್ಟೇಟು, ಅಲ್ಲಿ ಸಣ್ಣಪುಟ್ಟ ಲೇತ್ ಯಂತ್ರಗಳ ಶೆಡ್ಡುಗಳು, ಆ ಮಗ್ಗುಲಿಗೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ. ಈಗ ನಮ್ಮ ಹುಡುಗರು ಭಾನುವಾರ ಸುತ್ತಾಡಲು ಹೋಗುವ ಒರಾಯನ್ ಮಾಲ್ ಇದೆಯಲ್ಲ, ಅದು ನಿಂತಿರುವುದು ಕಿರ್ಲೋಸ್ಕರ್ ಜಾಗದಲ್ಲಿ. ಈ ಕಡೆ ಮಾಗಡಿ ರಸ್ತೆಯ ಬಳಿ ಬಿನ್ನಿ ಮಿಲ್ಲು. ಮೈಸೂರು ರಸ್ತೆಯಲ್ಲಿ ರೆಮ್ಕೊ, ಆಮೇಲೆ ಬಿಎಚ್‌ಇಎಲ್. ವಿಜಯನಗರ, ಬಸವೇಶ್ವರನಗರ ಇನ್ನೂ ಬೆಳೆಯುತ್ತಿದ್ದ ಬಡಾವಣೆಗಳು. ಕೆಂಗೇರಿ ಅಂದರೆ ಊರಾಚೆಯ ಬೇರೆಯದೇ ಊರು. ಬಿಡಿಎ ಹುಟ್ಟಿದ್ದು ಕೂಡ ‘ಪಲ್ಲವಿ’ಯ ವರ್ಷವೇ, 1976ರಲ್ಲಿ.

ಮಿಲ್ಲು, ಕಾರ್ಖಾನೆ ಇದ್ದ ಮೇಲೆ ಕೆಲಸಕ್ಕೇನು ಕೊರತೆ ಅಂತ ನೀವು ಕೇಳಬಹುದು. ಅಲ್ಲೇ ಇರುವುದು ತೊಡಕು. ಕಾರ್ಖಾನೆಗೆ ಬೇಕಾಗಿದ್ದುದು ಫಿಟ್ಟರು, ಟರ್ನರು. ಹಳ್ಳಿಯಿಂದ ಬಂದವನು ಓದಿದ್ದು ಬಿ.ಎ. ಇತಿಹಾಸ. ಅರವತ್ತರ ದಶಕದಲ್ಲಿ ಊರೂರಿಗೆ ಹೈಸ್ಕೂಲು, ತಾಲ್ಲೂಕಿಗೆ ಕಾಲೇಜು ಬಂದವು. ಅಪ್ಪ ಎತ್ತು ಮಾರಿಯೋ ಅಡವಿಟ್ಟೋ ಮಗನನ್ನು ಓದಿಸಿದ. ಓದಿದ ಮಗ ಮತ್ತೆ ನೇಗಿಲು ಹಿಡಿಯುವುದು ಅಪ್ಪನಿಗೇ ಬೇಡ. ಅವನಿಗೆ ಬೇಕಾದದ್ದು ಮೇಜು ಕುರ್ಚಿಯ ಕೆಲಸ. ಆ ಮೇಜು ಕುರ್ಚಿಗಳು ಎಣಿಕೆಗೆ ಸಿಗುವಷ್ಟೇ ಇದ್ದವು. ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ, ಕಾರ್ಡು ಮಾಡಿಸಿ, ಆ ಕಾರ್ಡು ನವೀಕರಿಸುತ್ತಾ ವರ್ಷ ದೂಡುವುದು. ನಮ್ಮ ಹಳ್ಳಿಗಳ ಹಿರಿಯರ ಟ್ರಂಕಿನಲ್ಲಿ ಆ ಕಾರ್ಡುಗಳು ಇನ್ನೂ ಇವೆ. ಸಂಜೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಯುವುದು. ‘ಇಂಟರ್‌ವ್ಯೂ’ ಅನ್ನುವ ಪದ ಹಳ್ಳಿಯ ಅಜ್ಜಿಯ ಬಾಯಿಗೂ ಬಂದದ್ದು ಆಗ. ಜೊತೆಗೆ 1974ರ ರೈಲ್ವೆ ಮುಷ್ಕರ, ಬಾಯಿ ಸುಡುವ ಬೆಲೆ ಏರಿಕೆ, ಜಯಪ್ರಕಾಶ ನಾರಾಯಣರ ಚಳವಳಿ. ಹುಡುಗರು ಬೀದಿಯಲ್ಲಿದ್ದರು.

ಸರ್ಕಾರಕ್ಕೂ ಇದು ಗೊತ್ತಿತ್ತು. ಮುಖ್ಯಮಂತ್ರಿ ದೇವರಾಜ ಅರಸು ಕೆಲಸವಿಲ್ಲದ ಪದವೀಧರರನ್ನು ಸ್ಟೈಪೆಂಡ್ ಕೊಟ್ಟು ಕಚೇರಿಗಳಿಗೆ ಸೇರಿಸಿಕೊಳ್ಳುವ ಯೋಜನೆ ತಂದರು. ಸಾವಿರಾರು ಹುಡುಗ ಹುಡುಗಿಯರು ಹಾಗೆ ಒಳಗೆ ಬಂದು ಮುಂದೆ ಖಾಯಂ ಆದರು. ತಾಲ್ಲೂಕು ಕಚೇರಿಯಲ್ಲಿ ನಿವೃತ್ತರಾದ ಹಿರಿಯರನ್ನು ಕೇಳಿ ನೋಡಿ, “ನಾನು ಸ್ಟೈಪೆಂಡರಿ ಬ್ಯಾಚು” ಅನ್ನುವವರು ಈಗಲೂ ಸಿಗುತ್ತಾರೆ. ಹಾವನೂರು ಆಯೋಗದ ವರದಿ ಬಂದದ್ದೂ ಆಗಲೇ, 1975ರಲ್ಲಿ. ಹಿಂದುಳಿದವರಿಗೆ ಎಷ್ಟು ಕುರ್ಚಿ ಅನ್ನುವ ಜಗಳ ಊರೂರಿಗೆ ಹಬ್ಬಿತು. ಒಟ್ಟಿನಲ್ಲಿ ಆ ಹತ್ತು ವರ್ಷದ ರಾಜಕೀಯವೆಲ್ಲ ಒಂದು ಕುರ್ಚಿಯ ಸುತ್ತ ತಿರುಗುತ್ತಿತ್ತು ಅಂದರೆ ತಪ್ಪಾಗಲಾರದು.

ಇನ್ನೊಂದು ವಿಷಯವನ್ನು ಬಿಡುವ ಹಾಗಿಲ್ಲ. 1976 ಅಂದರೆ ತುರ್ತುಪರಿಸ್ಥಿತಿಯ ಮಧ್ಯಭಾಗ. 1975ರ ಜೂನ್‌ನಲ್ಲಿ ಶುರುವಾದದ್ದು 1977ರ ಮಾರ್ಚ್‌ವರೆಗೆ ನಡೆಯಿತು. ಪತ್ರಿಕೆಗಳಿಗೆ ಸೆನ್ಸಾರು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅಡ್ವಾಣಿ, ಮಧು ದಂಡವತೆ ಮೊದಲಾದವರು ಬಂದಿಗಳು. ಆ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ನಾವು ರೈತರ ಧರಣಿ ವರದಿ ಮಾಡಲು ಹೋಗುತ್ತೇವಲ್ಲ, ಅದೇ. ‘ಸಂಸ್ಕಾರ’ದಲ್ಲಿ ಲಂಕೇಶರ ನಾರಣಪ್ಪನಿಗೆ ಜೊತೆಯಾಗಿ ಚಂದ್ರಿಯ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಅವರಿಗೆ ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಬಿಟ್ಟರು. ಬಿಟ್ಟು ಐದೇ ದಿನಕ್ಕೆ ತೀರಿಕೊಂಡರು. ಅಂಥ ವರ್ಷದಲ್ಲಿ, ಕೆಲಸವಿಲ್ಲದ ಹುಡುಗನೊಬ್ಬ ವ್ಯವಸ್ಥೆಯ ವಿರುದ್ಧ ತಿರುಗಿ ಬೀಳುವ ಕಥೆಯನ್ನು ಲಂಕೇಶರು ಸಿನಿಮಾ ಮಾಡಿದರು. ಇದು ಬರೀ ಪ್ರೇಮಕಥೆ ಅಂತ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ.

ಆದರೆ ನಮಗೆ ಚಂದ್ರುವಿನ ರಾಜಕೀಯಕ್ಕಿಂತ ಶಾಂತಾಳ ಕೆಲಸ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಹೆಣ್ಣುಮಕ್ಕಳು ಅಷ್ಟರಲ್ಲಾಗಲೇ ಬೆಂಗಳೂರಿನಲ್ಲಿ ದುಡಿಯುತ್ತಿದ್ದರು. ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಭಾಗಗಳನ್ನು ಜೋಡಿಸುವ ಸಾಲು ಸಾಲು ಹೆಣ್ಣುಮಕ್ಕಳು ಇದ್ದರು. ಬ್ಯಾಂಕು, ಟೆಲಿಫೋನ್ ಎಕ್ಸ್‌ಚೇಂಜು, ಟೈಪಿಸ್ಟ್ ಕೆಲಸ ಇದ್ದವು. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು ಅನ್ನುವ ಸಮಾನ ವೇತನ ಕಾಯ್ದೆ ಕೇಂದ್ರದಲ್ಲಿ ಬಂದದ್ದೂ 1976ರಲ್ಲೇ. ಕಾಯ್ದೆ ಬಂತು. ಆದರೆ ದುಡಿಯುವ ಹೆಣ್ಣು, ದುಡಿಯದ ಗಂಡು ಜೋಡಿಯಾದರೆ ಮನೆ ಹೇಗೆ ನಡೆಯಬೇಕು ಅನ್ನುವುದಕ್ಕೆ ಯಾರ ಬಳಿಯೂ ಕಾಯ್ದೆ ಇರಲಿಲ್ಲ. ಅವಳ ಸಂಬಳದಲ್ಲಿ ಅವನು ಕಾಫಿ ಕುಡಿದರೆ ಅವನ ಮುಖ ಬಾಡುತ್ತದೆ. ಅವಳು ದುಡ್ಡು ಕೊಡದೆ ಇದ್ದರೆ ಅವಳ ಮನಸ್ಸು ಒಪ್ಪುವುದಿಲ್ಲ. ಊರಿನಲ್ಲಿ ಇದನ್ನೆಲ್ಲ ನಾವು ನೀವು ನೋಡಿದವರೇ.

ಶಾಂತಾ ಯಜಮಾನನನ್ನು ಮದುವೆಯಾಗಿದ್ದು ಸರಿಯೋ ತಪ್ಪೋ ಅಂತ ಅವತ್ತು ನಮ್ಮ ತರಗತಿಯಲ್ಲಿ ದೊಡ್ಡ ವಾದವೇ ಆಯಿತು. ಹುಡುಗರೆಲ್ಲ ಒಂದು ಕಡೆ. ‘ದುಡ್ಡಿಗೆ ಬಿದ್ದಳು’ ಅಂದರು. ನಾವೂ ಅವತ್ತು ಹಾಗೇ ಅಂದಿದ್ದೆವು, ಸುಳ್ಳು ಯಾಕೆ. ಕೊಪ್ಪಳದ ಕಡೆಯ ಒಬ್ಬಳು ಹುಡುಗಿ ಎದ್ದು ನಿಂತು, “ಅವನು ಬಿಟ್ಟು ಹೋದದ್ದು ತತ್ವಕ್ಕಾದರೆ ಇವಳು ಬಿಟ್ಟದ್ದು ದುಡ್ಡಿಗೆ ಹೆಂಗಾಗ್ತದ್ರಿ?” ಅಂದಳು. ಮೇಷ್ಟ್ರು ನಕ್ಕು ಸುಮ್ಮನಾದರು. ಈಗ ವಯಸ್ಸು ಮೂವತ್ತು ದಾಟಿದ ಮೇಲೆ ಅವಳು ಹೇಳಿದ್ದೇ ಸರಿ ಅನಿಸುತ್ತದೆ. ಚಂದ್ರುವಿಗೆ ಸಿಟ್ಟು ಮಾಡಿಕೊಂಡು ಹೊರಡಲು ಒಂದು ದಾರಿಯಾದರೂ ಇತ್ತು. ಮನೆ, ಸಂಬಳ, ವಯಸ್ಸಾದ ಹೆತ್ತವರು ಇರುವ ಹುಡುಗಿಗೆ ಕ್ರಾಂತಿಗೆ ಹೊರಡುವ ದಾರಿ ಯಾವ ಕಾಲದಲ್ಲೂ ಸಲೀಸಾಗಿ ಸಿಕ್ಕಿಲ್ಲ. ಲಂಕೇಶರು ಅವಳನ್ನು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ನಮಗೆ ಈ ಸಿನಿಮಾ ದೊಡ್ಡದು ಅನಿಸುವುದು ಆ ಕಾರಣಕ್ಕೆ.

ಇದರ ಪಕ್ಕದಲ್ಲಿ ಇನ್ನೊಂದು ಸಿನಿಮಾ ಇಟ್ಟು ನೋಡಬೇಕು. ಅದನ್ನು ನೋಡದ ಹಳ್ಳಿ ಕರ್ನಾಟಕದಲ್ಲಿಲ್ಲ. 1972ರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ಧಲಿಂಗಯ್ಯ ನಿರ್ದೇಶನ. ಓದಿದ ರಾಜೀವ ಅಕ್ಕನ ಊರಿಗೆ ಬಂದು, ಸಂಸಾರದ ಭಾರ ಹೊತ್ತು, ಬಂಡೆ ಒಡೆದು ಬರಡು ಭೂಮಿಯಲ್ಲಿ ಬೆಳೆ ತೆಗೆಯುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಅದನ್ನು ನೋಡಿ ಪೇಟೆ ಬಿಟ್ಟು ಊರಿಗೆ ವಾಪಸಾದೆವು ಅನ್ನುವವರು ನಮ್ಮ ಕಡೆಯೂ ಇದ್ದಾರೆ. ಓದಿದ ಹುಡುಗನಿಗೆ ಆ ಸಿನಿಮಾ ಹೇಳಿದ್ದು ಒಂದೇ ಮಾತು: ಊರಿಗೆ ಬಾ, ಭೂಮಿ ಇದೆ. ನಾಲ್ಕು ವರ್ಷದ ಮೇಲೆ ಬಂದ ‘ಪಲ್ಲವಿ’ಗೆ ಹಾಗೆ ಹೇಳಲು ಭೂಮಿಯೇ ಇರಲಿಲ್ಲ. ಒಬ್ಬ ಅಪ್ಪನ ನಾಲ್ಕು ಎಕರೆ ನಾಲ್ಕು ಮಕ್ಕಳಿಗೆ ಹಂಚಿದರೆ ರಾಜೀವನಂಥ ರಾಜೀವನಾದರೂ ಏನು ಮಾಡಿಯಾನು? ರಾಜಕುಮಾರ್ ಮೇಲಿನ ನಮ್ಮ ಪ್ರೀತಿ ಎಳ್ಳಷ್ಟೂ ಕಡಿಮೆಯಿಲ್ಲ. ಆದರೂ ಎರಡು ಸಿನಿಮಾದಲ್ಲಿ ಹೆಚ್ಚು ನಿಜ ಹೇಳಿದ್ದು ಯಾವುದು ಅಂತ ಕೇಳಿದರೆ ನಾವು ಸ್ವಲ್ಪ ಹೊತ್ತು ಮೌನವಾಗಿರುತ್ತೇವೆ.

ಕನ್ನಡದಲ್ಲಿ ಮಾತ್ರ ಹೀಗಾಗುತ್ತಿತ್ತು ಅಂದುಕೊಳ್ಳಬೇಡಿ. ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯ್ 1970ರಲ್ಲೇ ‘ಪ್ರತಿದ್ವಂದಿ’ ಮಾಡಿದ್ದರು. ಅದರಲ್ಲಿ ಇಂಟರ್‌ವ್ಯೂ ಕೊಡುವ ಹುಡುಗನನ್ನು ಈ ಹತ್ತು ವರ್ಷದ ಅತಿ ಮುಖ್ಯ ಘಟನೆ ಯಾವುದು ಅಂತ ಕೇಳುತ್ತಾರೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದು ಅನ್ನದೆ ಅವನು ವಿಯೆಟ್ನಾಂ ಯುದ್ಧ ಅನ್ನುತ್ತಾನೆ. ಕೆಲಸ ಹೋಯಿತು. ಮುಂದೆ ‘ಜನ ಅರಣ್ಯ’ ಅಂತ ಇನ್ನೊಂದು ಮಾಡಿದರು. ಅದರ ಹುಡುಗನ ಅಕ್ಷರ ತೀರಾ ಸಣ್ಣದು, ಉತ್ತರ ಪತ್ರಿಕೆ ನೋಡುವವರಿಗೆ ಓದಲಾಗದೆ ಕಡಿಮೆ ಅಂಕ ಬೀಳುತ್ತದೆ. ಕೆಲಸ ಸಿಗದೆ ದಲ್ಲಾಳಿಯಾಗುತ್ತಾನೆ. ಗಿರಾಕಿಯನ್ನು ಮೆಚ್ಚಿಸಲು ಒಬ್ಬಳು ಹೆಣ್ಣನ್ನು ಕರೆದೊಯ್ಯಬೇಕಾಗುತ್ತದೆ. ನೋಡಿದರೆ ಅವಳು ಗೆಳೆಯನ ತಂಗಿ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. 1975ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ರಾಯ್ ಅವರಿಗೆ ‘ಜನ ಅರಣ್ಯ’ಕ್ಕಾಗಿ ಬಂತು. ಮರುವರ್ಷ, 1976ನೇ ಸಾಲಿನದು, ಲಂಕೇಶರಿಗೆ ‘ಪಲ್ಲವಿ’ಗಾಗಿ ಬಂತು. ಅಂದರೆ ಸತತ ಎರಡು ವರ್ಷ ದೇಶದ ಅತ್ಯುತ್ತಮ ನಿರ್ದೇಶಕರಾದವರು ಕೆಲಸವಿಲ್ಲದ ಪದವೀಧರನ ಕಥೆ ಹೇಳಿದವರು. ರಾಯ್ ಅವರಿಗೆ ಅದಾಗಲೇ ಇಪ್ಪತ್ತು ವರ್ಷದ ಅನುಭವ. ಲಂಕೇಶರಿಗೆ ಅದು ಮೊದಲನೇ ಸಿನಿಮಾ. ಕೊನಗವಳ್ಳಿಯ ಹುಡುಗ ಮೊದಲ ಏಟಿಗೇ ಅಲ್ಲಿಗೆ ಮುಟ್ಟಿದ. ನಮ್ಮ ಹಳ್ಳಿ ಶಾಲೆಗಳ ಸಾಮಾನ್ಯ ಜ್ಞಾನದ ಪಟ್ಟಿಯಲ್ಲಿ ಇದು ಯಾಕೆ ಇಲ್ಲವೋ.

ಆಮೇಲೆ ಏನಾಯಿತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇವೆ. ಲಂಕೇಶರು ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’ ಅಂತ ಇನ್ನೂ ಮೂರು ಸಿನಿಮಾ ಮಾಡಿದರು. ಊರೆಲ್ಲ ಕೆಲಸ ಹುಡುಕುತ್ತಿದ್ದಾಗ ಅವರು ಕೈಯಲ್ಲಿದ್ದ ಮೇಷ್ಟ್ರ ಕೆಲಸವನ್ನೇ ಬಿಟ್ಟರು! 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಯಿತು. ಜಾಹೀರಾತು ಇಲ್ಲದ ವಾರಪತ್ರಿಕೆ, ಓದುಗರ ಕಾಸಿನಿಂದಲೇ ನಡೆದದ್ದು. ತಾಲ್ಲೂಕಿನ ಒಬ್ಬ ಹುಡುಗ ಬರೆದರೆ ಮಂತ್ರಿ ಬೆವರಬೇಕಾಗುತ್ತದೆ ಅಂತ ಕನ್ನಡದಲ್ಲಿ ತೋರಿಸಿದ್ದು ಅದೇ. ನಮ್ಮಂಥ ಹಳ್ಳಿ ವರದಿಗಾರರಿಗೆ ಆ ಮಟ್ಟಿಗೆ ಲಂಕೇಶರ ಋಣ ಇದೆ. ಅವರು ತೀರಿಕೊಂಡದ್ದು 2000ದ ಜನವರಿ 25ರಂದು. ರಾಜೀವ ತಾರಾನಾಥ್ 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಚಂದ್ರು ಆಗಿದ್ದ ಸೀತಾರಾಂ ಯಾರು ಅಂತ ನಿಮ್ಮ ಮನೆಯ ಅಮ್ಮಂದಿರನ್ನು ಕೇಳಿ. ‘ಮಾಯಾಮೃಗ’, ‘ಮುಕ್ತ’ ಧಾರಾವಾಹಿಗಳ ನಿರ್ದೇಶಕರು, ಟಿವಿಯ ಕೋರ್ಟಿನಲ್ಲಿ ಕರಿಕೋಟು ಹಾಕಿ ವಾದ ಮಾಡುತ್ತಿದ್ದ ಸಿಎಸ್‌ಪಿ. ಅವರೇ ಒಂದು ಕಾಲದ ನಿರುದ್ಯೋಗಿ ಪ್ರೇಮಿ.

ಈಗ ಹಂಪಿನಗರಕ್ಕೆ ವಾಪಸು ಬರೋಣ. ಚಂದ್ರುವಿನ ಕಾಲದ ಇಂಟರ್‌ವ್ಯೂ ಹೋಗಿ ಒಎಂಆರ್ ಶೀಟು ಬಂದಿದೆ. ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ಹೋಗಿ ಆನ್‌ಲೈನ್ ಅರ್ಜಿ ಬಂದಿದೆ. ಕಾಯುವುದು ಮಾತ್ರ ಹಾಗೇ ಉಳಿದಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದವೇ ತಪ್ಪಾಗಿ, ಡಿಸೆಂಬರ್‌ನಲ್ಲಿ ಮತ್ತೆ ಮಾಡಿದರು. ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಓದಿದವನಿಗೆ ಪ್ರಶ್ನೆ ಅರ್ಥವಾಗದ ಸ್ಥಿತಿ. ಒಂದೊಂದು ಮುಂದೂಡಿಕೆಗೂ ವಿಜಯನಗರದ ರೂಮಿನ ಬಾಡಿಗೆ ಎಷ್ಟು ತಿಂಗಳಿಗೆ ಬೆಳೆಯುತ್ತದೆ ಅಂತ ಲೆಕ್ಕ ಹಾಕುವವರು ಊರಿನಲ್ಲಿರುವ ಅಪ್ಪ.

ಅರಸು ಕಾಲದ ಸ್ಟೈಪೆಂಡಿನಂತೆ ಈಗ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. 2024ರ ಜನವರಿ 12ರಂದು ಅದಕ್ಕೆ ಚಾಲನೆ ಕೊಟ್ಟದ್ದು ಶಿವಮೊಗ್ಗದಲ್ಲಿ, ಲಂಕೇಶರ ಜಿಲ್ಲೆಯಲ್ಲಿ. ವ್ಯತ್ಯಾಸ ಒಂದೇ. ಅರಸು ಯೋಜನೆಯಲ್ಲಿ ದುಡ್ಡಿನ ಜೊತೆ ಕೂರಲು ಒಂದು ಕುರ್ಚಿಯೂ ಇತ್ತು.

ಕೆಲಸವಿಲ್ಲದ್ದು ಬರೀ ಹೊಟ್ಟೆಯ ಪ್ರಶ್ನೆಯಲ್ಲ ಅಂತ ‘ಪಲ್ಲವಿ’ ಹೇಳಿದ್ದು ಈಗ ನಮ್ಮ ಹಳ್ಳಿಗಳಲ್ಲಿ ಬೇರೆ ರೂಪದಲ್ಲಿ ಕಾಣುತ್ತಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಮದುವೆಗೆ ಹೆಣ್ಣು ಸಿಗದ ರೈತ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ನೆನಪಿದೆಯಲ್ಲ. ಟಿವಿಯವರು ಅದನ್ನು ತಮಾಷೆ ಮಾಡಿದರು. ನಮಗೆ ನಗು ಬರಲಿಲ್ಲ. ನಾವೂ ಸೆಂಟಿಮೀಟರ್ ಲೆಕ್ಕದಲ್ಲಿ ಸುದ್ದಿಗೆ ಕಾಸು ಪಡೆಯುವವರು. ಹೆಣ್ಣು ನೋಡಲು ಹೋದ ಮನೆಯಲ್ಲಿ “ಸ್ಟ್ರಿಂಗರ್ ಅಂದ್ರೆ ಏನ್ ಕೆಲ್ಸ? ಪರ್ಮನೆಂಟಾ?” ಅಂತ ಕೇಳಿಸಿಕೊಂಡು, ಉಪ್ಪಿಟ್ಟು ತಿಂದು ಎದ್ದು ಬಂದದ್ದಿದೆ. ಆದರೆ ಆ ಮನೆಯ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದಾಗಲೆಲ್ಲ ಕೊಪ್ಪಳದ ಕಡೆಯ ಆ ಸಹಪಾಠಿ ನೆನಪಾಗುತ್ತಾಳೆ. ಅವಳೂ ತನ್ನ ನಾಳೆಯನ್ನು ಲೆಕ್ಕ ಹಾಕಲೇಬೇಕಲ್ಲ.

ಗ್ರಂಥಾಲಯದ ಮುಂದೆ ಆ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಕಥೆ ಮಾತ್ರ ಹೇಳಿದೆವು. ಅವನು ಬ್ಯಾಗು ಇನ್ನೊಂದು ಹೆಗಲಿಗೆ ಬದಲಾಯಿಸಿ ಕೇಳಿಸಿಕೊಂಡ.

“ಕೊನೆಗೆ ಅವ್ರಿಬ್ರೂ ಒಂದಾಯ್ತಾರಾ ಅಣ್ಣ?”

“ಇಲ್ಲ ಕಣಪ್ಪ. ಅವಳಿಗೆ ಬೇರೆ ಮದುವೆ ಆಗುತ್ತೆ.”

ಸ್ವಲ್ಪ ಹೊತ್ತು ನೆಲ ನೋಡಿದ. “ಅವ್ಳು ದಿನಾ ಫೋನ್ ಮಾಡ್ತಾಳೆ ಅಣ್ಣ. ಈ ತಿಂಗಳ್ ರೂಮ್ ಬಾಡಿಗೆ ಅವ್ಳೇ ಹಾಕವ್ಳೆ. ಮನೇಲಿ ಯಾರ್ಗೂ ಗೊತ್ತಿಲ್ಲ, ಬರೀಬೇಡಿ” ಅಂದ. ಹೆಸರು ಹಾಕುವುದಿಲ್ಲ ಅಂತ ಮಾತು ಕೊಟ್ಟೆವು.

ಅಷ್ಟರಲ್ಲಿ ಬಾಗಿಲು ತೆಗೆದರು. ಕಿಟಕಿ ಪಕ್ಕದ ಕುರ್ಚಿ ಹಿಡಿಯಬೇಕು ಅಂತ ಅವನು ಓಡಿದ.